ಇ-ಮೇಲಿನಲ್ಲಿ ಗುಟ್ಟಿನ ಪ್ರತಿ ಕಳುಹಿಸುವ ಕ್ರಮ



ಈ ಸಂಚಿಕೆಯಲ್ಲಿ ಗೊಬ್ಬರ, ಬೋರ್ಡೋ ದ್ರಾವಣಗಳ ವಿಷಯವನ್ನು ಬದಿಗಿಟ್ಟು, ಪತ್ರ ವ್ಯವಹಾರಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತಿದ್ದೇವೆ. ಅದಕ್ಕೆ ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಕೊಯ್ಲಿನ ಕಾಲದಲ್ಲಿ, ಸಾಲದ ಕಂತು ಬಾಕಿ ಉಳಿಸಿಕೊಂಡಿದ್ದ ಸದಸ್ಯರಿಗೆ ಸಂಘದ ಕಚೇರಿಯಿಂದ ಇ-ಮೇಲ್ ಮೂಲಕ ಒಂದು ಜ್ಞಾಪನ ಪತ್ರ ಹೋಯಿತು. ಒಕ್ಕಣೆ ಮರ್ಯಾದೆಯಿಂದಲೇ ಇತ್ತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಬಾಕಿಯ ಮೊತ್ತವೂ ಇರಲಿಲ್ಲ. ಆದರೆ ಮೂವತ್ತಕ್ಕೂ ಹೆಚ್ಚು ಮಂದಿಯ ವಿಳಾಸಗಳನ್ನು ನಾವು ‘ಟು’ ಎಂಬ ಸಾಲಿನಲ್ಲಿ ಒಂದರ ಪಕ್ಕದಲ್ಲಿ ಒಂದರಂತೆ ತುಂಬಿ ಕಳುಹಿಸಿಬಿಟ್ಟಿದ್ದೆವು. ಪತ್ರ ತೆರೆದ ಪ್ರತಿಯೊಬ್ಬರಿಗೂ ಉಳಿದೆಲ್ಲರ ವಿಳಾಸ ಕಾಣಿಸಿತು. ಅಂದರೆ ಯಾರು ಯಾರು ಬಾಕಿದಾರರು ಎಂಬ ಪಟ್ಟಿಯನ್ನು ನಾವೇ ಮನೆ ಮನೆಗೆ ಹಂಚಿದಂತಾಯಿತು.

ಅರ್ಧ ಗಂಟೆಯೊಳಗೆ ಒಬ್ಬ ಹಿರಿಯ ಸದಸ್ಯರ ಫೋನ್ ಬಂತು. “ಸೆಕ್ರೆಟ್ರಿಗಳೇ, ಬಾಕಿ ಇರೋದು ಸುಳ್ಳಲ್ಲ, ಕಟ್ತೀನಿ. ಆದ್ರೆ ಭಾನುವಾರ ನಮ್ಮನೆಗೆ ಹೆಣ್ಣು ನೋಡೋಕೆ ಬರೋರು ಇದೇ ಪಟ್ಟೀಲಿ ಅವ್ರೆ. ಅವ್ರು ನಮ್ದು ನೋಡಿದ್ರು, ನಾವು ಅವ್ರುದು ನೋಡಿದ್ವಿ. ಈಗ ಕಾಫಿ ಲೋಟ ಹಿಡ್ಕೊಂಡು ಏನ್ ಮಾತಾಡೋದು ಹೇಳಿ” ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆವು. ಗುರುತು ಸಿಗದ ಹಾಗೆ ಬೇಕಾದರೆ ಬರೆಯಿರಿ, ಬೇರೆಯವರಿಗಾದರೂ ಉಪಯೋಗವಾಗಲಿ ಎಂದು ಹೇಳಿದವರೂ ಅವರೇ. ಆ ಅನುಮತಿಯ ಮೇಲೆ, ವಿವರಗಳನ್ನು ಅಲ್ಪಸ್ವಲ್ಪ ಬದಲಿಸಿ ಇಲ್ಲಿ ಬರೆದಿದ್ದೇವೆ. ಸಂಬಂಧ ಕುದುರಿತು. ಕಂತೂ ಬಂತು. ಆದರೆ ಕಂತನ್ನು ಮಗನ ಕೈಯಲ್ಲಿ ಕಳುಹಿಸಿದರು. ಅವರು ಮಾತ್ರ ಇಂದಿಗೂ ಕಚೇರಿಯ ಮೆಟ್ಟಿಲು ಹತ್ತಿಲ್ಲ.

ಅಂದು ನಾವು ಆ ವಿಳಾಸಗಳನ್ನು ‘ಟು’ ಸಾಲಿಗೆ ಬದಲಾಗಿ ‘ಬಿಸಿಸಿ’ ಎಂಬ ಸಾಲಿನಲ್ಲಿ ತುಂಬಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಅದು ಎಲ್ಲಿದೆ ಎಂದು ಹುಡುಕಿಕೊಳ್ಳಲು ಅರ್ಧ ನಿಮಿಷವೂ ಬೇಡ.

ಬಿಸಿಸಿ ಎಂದರೆ ಬ್ಲೈಂಡ್ ಕಾರ್ಬನ್ ಕಾಪಿ. ‘ಕುರುಡು ಪ್ರತಿ’ ಎಂದು ತರ್ಜುಮೆ ಮಾಡಿದರೆ ಯಾರಿಗೂ ತಿಳಿಯದು. ಗುಟ್ಟಿನ ಪ್ರತಿ ಎನ್ನೋಣ. ಬೆರಳಚ್ಚು ಯಂತ್ರದ ಕಾಲವನ್ನು ಕಂಡವರಿಗೆ ಇದು ಹೊಸದಲ್ಲ. ಮೇಲೊಂದು ಬಿಳಿ ಹಾಳೆ, ಅದರ ಕೆಳಗೆ ಕಾರ್ಬನ್, ಅದರಡಿ ತೆಳುವಾದ ಹಾಳೆ, ಮತ್ತೆ ಕಾರ್ಬನ್, ಮತ್ತೆ ಹಾಳೆ. ಹೀಗೆ ಪೇರಿಸಿ ಉರುಳೆಗೆ ಸಿಕ್ಕಿಸಿ ಕುಟ್ಟಿದರೆ ನಾಲ್ಕೈದು ಪ್ರತಿಗಳು ಒಮ್ಮೆಗೇ ಸಿದ್ಧವಾಗುತ್ತಿದ್ದವು. ಕೊನೆಯ ಪ್ರತಿಯನ್ನು ಬೆಳಕಿಗೆ ಹಿಡಿದು ಓದಬೇಕಾಗುತ್ತಿತ್ತೆಂಬುದು ಬೇರೆ ಮಾತು. ಪತ್ರದ ಬುಡದಲ್ಲಿ ‘ಪ್ರತಿ: ಮಾನ್ಯ ತಹಸೀಲ್ದಾರರಿಗೆ, ಮಾಹಿತಿಗಾಗಿ’ ಎಂದು ಬರೆಯುವುದು ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ಉಂಟು. ಅದೇ ಈಗಿನ ‘ಸಿಸಿ’: ಪ್ರತಿ ಯಾರಿಗೆ ಹೋಗಿದೆಯೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಯಾರಿಗಾದರೂ ಗುಟ್ಟಾಗಿ ಪ್ರತಿ ಹೋಗಬೇಕಿದ್ದರೆ ಬೆರಳಚ್ಚುಗಾರರು ಮೂಲಪತ್ರವನ್ನು ಯಂತ್ರದಿಂದ ತೆಗೆದಿಟ್ಟು, ಕೆಳಗಿನ ಪ್ರತಿಯ ಮೇಲೆ ಮಾತ್ರ ಆ ಹೆಸರನ್ನು ಅಚ್ಚು ಮಾಡುತ್ತಿದ್ದರು. ಮೂಲಪತ್ರ ಪಡೆದವರಿಗೆ ಆ ಸಾಲೇ ಕಾಣಿಸುತ್ತಿರಲಿಲ್ಲ. ಈಗಿನ ಬಿಸಿಸಿ ಅದೇ.

ಇ-ಮೇಲಿನಲ್ಲಿ ಇದು ನಡೆಯುವ ಬಗೆಯನ್ನು ಲಕೋಟೆಯ ಹೋಲಿಕೆಯಿಂದ ತಿಳಿಯಬಹುದು. ನಾವು ಅಂಚೆಗೆ ಹಾಕುವ ಕಾಗದದಲ್ಲಿ ವಿಳಾಸ ಎರಡು ಕಡೆ ಇರುತ್ತದೆ. ಒಂದು ಲಕೋಟೆಯ ಮೇಲೆ, ಇನ್ನೊಂದು ಒಳಗಿನ ಕಾಗದದ ತಲೆಯಲ್ಲಿ. ಅಂಚೆಯವರು ನೋಡುವುದು ಲಕೋಟೆಯನ್ನು ಮಾತ್ರ. ಇ-ಮೇಲಿಗೂ ಕಣ್ಣಿಗೆ ಕಾಣದ ಒಂದು ಲಕೋಟೆಯಿದೆ. ಟು, ಸಿಸಿ, ಬಿಸಿಸಿ ಈ ಮೂರೂ ಸಾಲುಗಳಲ್ಲಿರುವ ಎಲ್ಲ ವಿಳಾಸಗಳನ್ನೂ ನಮ್ಮ ಯಂತ್ರ ಆ ಲಕೋಟೆಯ ಮೇಲೆ ಬರೆದು ಅಂಚೆ ಗಣಕಕ್ಕೆ ಒಪ್ಪಿಸುತ್ತದೆ. ಒಳಗಿನ ಕಾಗದದ ತಲೆಯಲ್ಲಾದರೋ ಟು ಮತ್ತು ಸಿಸಿ ಮಾತ್ರ ಉಳಿಯುತ್ತವೆ. 1982ರ ಆಗಸ್ಟ್ ತಿಂಗಳಿನಲ್ಲಿ ಹೊರಬಂದ ಆರ್‌ಎಫ್‌ಸಿ 822 ಎಂಬ ನಿಯಮಾವಳಿಯಲ್ಲೇ ಈ ಮೂರು ಸಾಲುಗಳ ವಿವರಣೆ ಇದೆ. ಕಾಯಿದೆ ಎಲ್ಲರಿಗೂ ಒಂದೇ ಆದ್ದರಿಂದ ಜಿಮೇಲಿನಿಂದ ಯಾಹೂವಿಗೆ ಕಳುಹಿಸಿದರೂ, ಔಟ್‌ಲುಕ್‌ನಿಂದ ಜಿಮೇಲಿಗೆ ಕಳುಹಿಸಿದರೂ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಬೇರೆ ಬೇರೆ ಕಡೆ ಬೇರೆಯಾಗಿರುವುದು ಒತ್ತಬೇಕಾದ ಗುಂಡಿಯ ಜಾಗ ಮಾತ್ರ.

ಈ ಗುಟ್ಟು ಬೆಳೆಗಾರರಿಗೆ ಯಾಕೆ ಬೇಕು ಎಂದು ಕೆಲವರು ಕೇಳಬಹುದು. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಬೇಕಾಗಿರಲಿಲ್ಲವೆಂಬುದು ನಿಜ. ಕಾಫಿ ಪೂಲಿಗೆ ಹೋಗುತ್ತಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು, ಬೆಲೆ ಕೇಳಿ ಯಾರಿಗೂ ಪತ್ರ ಬರೆಯುವ ಪ್ರಶ್ನೆಯೇ ಇರಲಿಲ್ಲ. 1992ರಿಂದ ಹಂತ ಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಆ ಪದ್ಧತಿ ಪೂರ್ತಿಯಾಗಿ ಕೊನೆಗೊಂಡಿತು. ಅಂದಿನಿಂದ ಹತ್ತು ಮೂಟೆ ಚೆರಿ ಇದ್ದವರೂ ತಾವೇ ವ್ಯಾಪಾರ ಮಾಡಬೇಕು. ಪಾರ್ಚ್‌ಮೆಂಟ್ ಎಷ್ಟಿದೆ, ತೇವಾಂಶ ಎಷ್ಟು, ಔಟ್‌ಟರ್ನ್ ಏನು ಬಂದಿದೆ ಎಂದು ಬರೆದು, 50 ಕೆ.ಜಿ. ಮೂಟೆಗೆ ಏನು ಕೊಡುತ್ತೀರಿ ಎಂದು ನಾಲ್ಕು ಕಡೆ ವಿಚಾರಿಸುವುದು ಈಗ ಸಾಮಾನ್ಯ. ಅಡಿಕೆಯನ್ನು ಮರದ ಮೇಲೆಯೇ ಗುತ್ತಿಗೆಗೆ ಕೊಡುವವರೂ ಹೀಗೆಯೇ ನಾಲ್ಕು ಜನರನ್ನು ಕೇಳುತ್ತಾರೆ. ಆ ನಾಲ್ಕೂ ವಿಳಾಸಗಳು ‘ಟು’ ಸಾಲಿನಲ್ಲಿದ್ದರೆ ನಾಲ್ವರು ವ್ಯಾಪಾರಿಗಳಿಗೂ ಎದುರಾಳಿ ಯಾರೆಂದು ಗೊತ್ತಾಯಿತು. ಅವರು ಒಬ್ಬರಿಗೊಬ್ಬರು ಫೋನ್ ಮಾಡಿ ಮಾತಾಡಿಕೊಂಡರೆ ಬೆಲೆ ಏರುವ ಬದಲು ಒಂದೇ ಕಡೆ ನಿಲ್ಲುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೂರು ನಾಲ್ಕು ಜನರಿಗಾದರೆ ಬಿಸಿಸಿಗಿಂತಲೂ ಪ್ರತ್ಯೇಕ ಪತ್ರವೇ ಲೇಸು. ಹೆಸರು ಹಿಡಿದು ಬರೆದ ಪತ್ರಕ್ಕೆ ಉತ್ತರ ಬೇಗ ಬರುತ್ತದೆ. ಹತ್ತು ದಾಟಿದರೆ ಬಿಸಿಸಿ.

ಇನ್ನು ಗುಂಡಿಗಳ ವಿಚಾರ. ನಮ್ಮ ಸದಸ್ಯರಲ್ಲಿ ಬಹುಪಾಲು ಜನ ಬಳಸುವುದು ಜಿಮೇಲ್. ಕಂಪ್ಯೂಟರಿನಲ್ಲಿ ‘ಕಂಪೋಸ್’ ಒತ್ತಿದಾಗ ಬಲಗಡೆಯ ಕೆಳಮೂಲೆಯಲ್ಲಿ ಪತ್ರದ ಚೌಕ ತೆರೆಯುತ್ತದೆ. ಅದರ ಮೊದಲ ಸಾಲಿನ ಮೇಲೆ ಒಮ್ಮೆ ಒತ್ತಿ. ಆಗ ಸಾಲಿನ ಬಲತುದಿಯಲ್ಲಿ ಸಿಸಿ, ಬಿಸಿಸಿ ಎಂಬ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಒತ್ತುವ ತನಕ ಅವು ಕಾಣಿಸುವುದಿಲ್ಲ. ನಮ್ಮಲ್ಲಿಲ್ಲ ಎಂದು ಹಲವರು ಹೇಳುವುದಕ್ಕೆ ಇದೇ ಕಾರಣ. ಬಿಸಿಸಿ ಒತ್ತಿದರೆ ಹೊಸ ಸಾಲು ತೆರೆದುಕೊಳ್ಳುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಆಗುತ್ತದೆ. ಮೊಬೈಲಿನ ಜಿಮೇಲ್‌ನಲ್ಲಿ ಈ ಅಕ್ಷರಗಳ ಬದಲು ‘ಟು’ ಸಾಲಿನ ಬಲತುದಿಯಲ್ಲಿ ಕೆಳಮುಖವಾದ ಒಂದು ಚಿಕ್ಕ ಬಾಣವಿದೆ. ಅದನ್ನು ಮುಟ್ಟಿದರೆ ಸಿಸಿ, ಬಿಸಿಸಿ ಎರಡೂ ಸಾಲುಗಳು ಇಳಿದು ಬರುತ್ತವೆ. ಬಾಣ ಬಹಳ ಸಣ್ಣದು; ತೋಟದ ಕೆಲಸ ಮಾಡಿದ ಹೆಬ್ಬೆರಳಿಗೆ ಒಂದೇ ಸಲಕ್ಕೆ ಸಿಗದಿದ್ದರೆ ಬೇಸರ ಬೇಡ.

ಕಚೇರಿಗಳಲ್ಲಿ, ಲೆಕ್ಕಪರಿಶೋಧಕರ ಬಳಿ ಹೆಚ್ಚಾಗಿ ಇರುವುದು ಮೈಕ್ರೋಸಾಫ್ಟ್‌ನವರ ಔಟ್‌ಲುಕ್. ಇದರಲ್ಲಿ ಹಳೆಯದು, ಹೊಸದು ಎಂಬ ಎರಡು ಬಗೆಗಳಿರುವುದರಿಂದ ಗೊಂದಲ ಜಾಸ್ತಿ. ಹಳೆಯ ಔಟ್‌ಲುಕ್‌ನಲ್ಲಿ ಹೊಸ ಪತ್ರ ತೆರೆದು, ಮೇಲುಗಡೆಯ ಪಟ್ಟಿಯಲ್ಲಿ ‘ಆಪ್ಷನ್ಸ್’ ಎಂಬಲ್ಲಿಗೆ ಹೋದರೆ ‘ಬಿಸಿಸಿ’ ಎಂಬ ಗುಂಡಿಯಿದೆ. ಒಮ್ಮೆ ಒತ್ತಿಟ್ಟರೆ ಮುಂದಿನ ಪತ್ರಗಳಲ್ಲೂ ಆ ಸಾಲು ತಾನಾಗಿಯೇ ಇರುತ್ತದೆ. ಹೊಸ ಔಟ್‌ಲುಕ್‌ನಲ್ಲಿಯೂ, ಬ್ರೌಸರಿನಲ್ಲಿ ತೆರೆಯುವ ಔಟ್‌ಲುಕ್‌ನಲ್ಲಿಯೂ ಬಿಸಿಸಿ ‘ಟು’ ಸಾಲಿನ ಬಲಗಡೆಯಲ್ಲೇ ಇದೆ. ಅಲ್ಲಿ ಸೆಟ್ಟಿಂಗ್ಸ್ ತೆರೆದು, ‘ಮೇಲ್’ ಎಂಬುದರೊಳಗೆ ‘ಕಂಪೋಸ್ ಅಂಡ್ ರಿಪ್ಲೈ’ ಎಂಬಲ್ಲಿ ಬಿಸಿಸಿ ಸಾಲು ಯಾವಾಗಲೂ ಕಾಣುವಂತೆ ಗುರುತು ಹಾಕಿಡಬಹುದು. ಹಾಗೆ ಹಾಕಿಡುವುದು ಒಳ್ಳೆಯದು. ಕಣ್ಣೆದುರಿಗೆ ಇರುವುದು ಮರೆತುಹೋಗುವುದಿಲ್ಲ.

ಯಾಹೂ ಮೇಲ್‌ನಲ್ಲಿ ‘ಟು’ ಸಾಲಿನ ಬಲಕ್ಕೆ ಸಿಸಿ, ಬಿಸಿಸಿ ಎರಡೂ ಒಟ್ಟಿಗೆ ಬರೆದಿರುತ್ತದೆ. ಬೆಂಗಳೂರಿನಲ್ಲಿರುವ ಮಕ್ಕಳು ತಂದುಕೊಟ್ಟ ಐಫೋನ್ ಇದ್ದವರು ಅದರ ‘ಮೇಲ್’ ಎಂಬುದರಲ್ಲಿ ಹೊಸ ಪತ್ರ ತೆರೆದರೆ, ‘ಟು’ ಸಾಲಿನ ಕೆಳಗೇ ಸಿಸಿ, ಬಿಸಿಸಿ, ಫ್ರಮ್ ಮೂರೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಮುಟ್ಟಿದರೆ ಬೇರೆ ಬೇರೆಯಾಗುತ್ತವೆ. ಥಂಡರ್‌ಬರ್ಡ್ ಬಳಸುವವರು ನಮ್ಮಲ್ಲಿ ಒಬ್ಬಿಬ್ಬರಿರಬಹುದು. ಅವರಿಗೂ ಬಲತುದಿಯಲ್ಲೇ ಸಿಗುತ್ತದೆ.

ಬಿಸಿಸಿ ಸಾಲು ಸಿಕ್ಕ ಮೇಲೆ ‘ಟು’ ಸಾಲಿನಲ್ಲಿ ಏನು ಹಾಕಬೇಕು? ತಮ್ಮದೇ ವಿಳಾಸ ಹಾಕಿ. ಖಾಲಿ ಬಿಟ್ಟರೂ ಪತ್ರ ಹೋಗುತ್ತದೆ, ಆದರೆ ಪಡೆದವರಿಗೆ ಅದು ಎಲ್ಲಿಂದಲೋ ಬಂದ ಜಾಹೀರಾತಿನಂತೆ ತೋರಬಹುದು. ಎಕ್ಸೆಲ್ ಪಟ್ಟಿಯಿಂದ ವಿಳಾಸಗಳನ್ನು ನಕಲು ಮಾಡಿ ಅಂಟಿಸುವವರು ಗಮನಿಸಬೇಕಾದ್ದೊಂದಿದೆ. ಜಿಮೇಲ್‌ನಲ್ಲಿ ಎರಡು ವಿಳಾಸಗಳ ನಡುವೆ ಅಲ್ಪವಿರಾಮ ಸಾಕು. ಹಳೆಯ ಔಟ್‌ಲುಕ್ ಅರ್ಧವಿರಾಮವನ್ನು ಬಯಸುತ್ತದೆ. ‘ಸದಸ್ಯರು’ ಎಂದು ಒಂದು ಗುಂಪು ಮಾಡಿಟ್ಟುಕೊಂಡಿದ್ದರೆ ಆ ಗುಂಪಿನ ಹೆಸರನ್ನೂ ಬಿಸಿಸಿಯಲ್ಲೇ ಹಾಕಬೇಕು. ‘ಟು’ನಲ್ಲಿ ಹಾಕಿದರೆ ಗುಂಪು ಬಿಚ್ಚಿಕೊಂಡು ಎಲ್ಲರ ವಿಳಾಸವೂ ಹೊರಗೆ ಬರುತ್ತದೆ. ಸಾಮಾನ್ಯ ಜಿಮೇಲ್ ಖಾತೆಯಿಂದ ಒಂದು ದಿನಕ್ಕೆ 500 ವಿಳಾಸಗಳನ್ನು ಮೀರಿ ಕಳುಹಿಸಲು ಹೋದರೆ ಕೆಲಕಾಲ ತಡೆ ಬೀಳುತ್ತದೆ. ನಮ್ಮಂಥ ಸಂಘಗಳಿಗೆ ಅಷ್ಟು ಸಾಕು.

ಪತ್ರವನ್ನು ಪೂರ್ತಿ ಬರೆದು, ಲಗತ್ತುಗಳನ್ನು ಸೇರಿಸಿ, ಓದಿ ನೋಡಿ, ಕಟ್ಟಕಡೆಗೆ ವಿಳಾಸ ತುಂಬುವುದು ಉತ್ತಮ ಅಭ್ಯಾಸ. ಮೊದಲೆರಡು ಅಕ್ಷರ ಹೊಡೆದ ಕೂಡಲೇ ಯಂತ್ರ ತಾನೇ ಹೆಸರು ಸೂಚಿಸುತ್ತದೆ. ನಮ್ಮ ಸೀಮೆಯಲ್ಲಿ ಒಂದೇ ಹೆಸರಿನ ಗೌಡರು ಊರಿಗೆ ನಾಲ್ವರಿದ್ದಾರೆ. ಹೆತ್ತೂರಿನವರಿಗೆ ಹೋಗಬೇಕಾದ್ದು ಬಾಳ್ಳುಪೇಟೆಯವರಿಗೆ ಹೋಗುವುದಕ್ಕೆ ಒಂದು ಕ್ಷಣ ಸಾಕು. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡೂ ಸೆಂಡ್’ ಎಂಬ ಅನುಕೂಲವಿದೆ. ಅದನ್ನು 30 ಸೆಕೆಂಡಿಗೆ ಏರಿಸಿಕೊಂಡರೆ ಕಳುಹಿಸಿದ ಅಷ್ಟು ಹೊತ್ತಿನೊಳಗೆ ಪತ್ರವನ್ನು ಹಿಂದಕ್ಕೆ ಕರೆಯಬಹುದು. ಅನಂತರ ಇಲ್ಲ. ಔಟ್‌ಲುಕ್‌ನ ‘ರೀಕಾಲ್’ ಒಂದೇ ಸಂಸ್ಥೆಯ ಒಳಗಿನ ಪತ್ರಗಳಿಗಷ್ಟೇ ಉಪಯೋಗ. ಸದಸ್ಯರ ಜಿಮೇಲಿಗೆ ಹೋದದ್ದನ್ನು ಅದು ತರಲಾರದು. ಆ ದಿನ ನಾವು ಎಷ್ಟು ಸಲ ಒತ್ತಿದೆವೆಂಬುದನ್ನು ಇಲ್ಲಿ ಹೇಳುವುದು ಬೇಡ.

ಗುಟ್ಟಿನ ಪ್ರತಿಯನ್ನು ಬೀಗವೆಂದು ತಿಳಿಯಬಾರದು. ನಮ್ಮ ‘ಸೆಂಟ್’ ಪೆಟ್ಟಿಗೆಯಲ್ಲಿ ಬಿಸಿಸಿ ವಿಳಾಸಗಳೆಲ್ಲ ಹಾಗೆಯೇ ಇರುತ್ತವೆ. ಪತ್ರವನ್ನು ಪಡೆದವರು ಅದನ್ನು ಬೇರೆಯವರಿಗೆ ಮುಂದೂಡದಂತೆ ತಡೆಯುವ ಶಕ್ತಿಯೂ ಅದಕ್ಕಿಲ್ಲ. ಇನ್ನೊಂದು ಅಪಾಯ ‘ರಿಪ್ಲೈ ಆಲ್’. ಬಿಸಿಸಿಯಲ್ಲಿ ಪತ್ರ ಪಡೆದವರು ಅದನ್ನು ಒತ್ತಿ ಉತ್ತರಿಸಿದರೆ, ಬಿಸಿಸಿಯಲ್ಲಿರುವ ಉಳಿದವರಿಗೆ ಅದು ಹೋಗುವುದಿಲ್ಲ, ಆದರೆ ಟು ಮತ್ತು ಸಿಸಿಯಲ್ಲಿರುವ ಎಲ್ಲರಿಗೂ ಹೋಗುತ್ತದೆ. ಮರೆಯಲ್ಲಿ ನಿಂತಿದ್ದವರು ತಾವಾಗಿಯೇ ಎದ್ದು ಕೂಗಿದಂತೆ. ನಮಗೆ ತಿಳಿದ ಬೆಳೆಗಾರರೊಬ್ಬರು ಬೇಲಿ ದಾರಿಯ ತಕರಾರಿನ ಬಗ್ಗೆ ಪಕ್ಕದ ತೋಟದವರಿಗೆ ಸಮಾಧಾನದ ಪತ್ರ ಬರೆದು, ಭಾವಮೈದುನನಿಗೆ ಗುಟ್ಟಿನ ಪ್ರತಿ ಹಾಕಿದ್ದರು. ಭಾವಮೈದುನ ‘ರಿಪ್ಲೈ ಆಲ್’ ಒತ್ತಿ, “ಭಾವ, ಇಷ್ಟು ಮೆತ್ತಗೆ ಬರೆದ್ರೆ ಅವ್ನು ಬಗ್ತಾನಾ?” ಎಂದು ಉತ್ತರಿಸಿದರು. ಅದು ನೇರವಾಗಿ ಪಕ್ಕದ ತೋಟದವರ ಮೊಬೈಲಿಗೆ ಹೋಗಿ ಬಿತ್ತು. ದಾರಿಯ ತಕರಾರು ಈಗ ನ್ಯಾಯಾಲಯದಲ್ಲಿದೆ.

ಆದ್ದರಿಂದ ಹಲವರ ಮರ್ಯಾದೆ ಕಾಯಲು ಬಿಸಿಸಿಯನ್ನು ಧಾರಾಳವಾಗಿ ಬಳಸಿ. ಒಬ್ಬರಿಗೆ ಬರೆದ ಪತ್ರವನ್ನು ಮೂರನೆಯವರಿಗೆ ಕದ್ದು ತೋರಿಸಲು ಬಳಸಬೇಡಿ ಎಂಬುದು ನಮ್ಮ ಸಲಹೆ. ವಕೀಲರಿಗೋ ಮನೆಯವರಿಗೋ ತಿಳಿಸಲೇಬೇಕಿದ್ದರೆ, ಪತ್ರ ಹೋದ ಮೇಲೆ ‘ಸೆಂಟ್’ ಪೆಟ್ಟಿಗೆಯಿಂದ ತೆಗೆದು ಪ್ರತ್ಯೇಕವಾಗಿ ‘ಫಾರ್ವರ್ಡ್’ ಮಾಡಿ. ಅವರು ಏನು ಒತ್ತಿದರೂ ಉತ್ತರ ತಮಗೆ ಮಾತ್ರ ಬರುತ್ತದೆ.

ಇಂಥ ತಪ್ಪು ಮಲೆನಾಡಿನ ಒಂದು ಸಣ್ಣ ಸಂಘಕ್ಕೆ ಸೀಮಿತವಲ್ಲ. 2021ರ ಸೆಪ್ಟೆಂಬರ್ 20ರಂದು ಬ್ರಿಟನ್ನಿನ ರಕ್ಷಣಾ ಇಲಾಖೆಯವರು, ಆಫ್ಘಾನಿಸ್ತಾನದಿಂದ ಸ್ಥಳಾಂತರಗೊಳ್ಳಲು ಅರ್ಹರಾಗಿದ್ದವರಿಗೆ ಒಂದು ಇ-ಮೇಲ್ ಕಳುಹಿಸಿದರು. ಬ್ರಿಟಿಷ್ ಸೇನೆಗೆ ನೆರವಾಗಿ, ತಾಲಿಬಾನ್ ಬಂದ ಮೇಲೆ ಜೀವಭಯದಲ್ಲಿದ್ದ ಜನ ಅವರು. 245 ಜನರ ವಿಳಾಸಗಳು ‘ಟು’ ಸಾಲಿನಲ್ಲಿದ್ದವು. ಕೆಲವರ ಭಾವಚಿತ್ರಗಳೂ ವಿಳಾಸದ ಜೊತೆಗೇ ಕಾಣುತ್ತಿದ್ದವು. ಆ ಪಟ್ಟಿ ತಾಲಿಬಾನ್ ಕೈಗೆ ಸಿಕ್ಕಿದ್ದರೆ ಪ್ರಾಣಕ್ಕೇ ಸಂಚಕಾರ. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 2023ರ ಡಿಸೆಂಬರಿನಲ್ಲಿ ಇಲಾಖೆಗೆ 3,50,000 ಪೌಂಡುಗಳ ದಂಡ ವಿಧಿಸಿತು. ಅದಕ್ಕೂ ಮೊದಲು, 2015ರಲ್ಲಿ, ಲಂಡನ್ನಿನ ಒಂದು ಚಿಕಿತ್ಸಾಲಯ ಎಚ್‌ಐವಿ ಸೇವೆ ಪಡೆಯುತ್ತಿದ್ದವರಿಗೆ ಸುದ್ದಿಪತ್ರ ಕಳುಹಿಸುವಾಗ ಇದೇ ತಪ್ಪು ಮಾಡಿ 781 ವಿಳಾಸಗಳನ್ನು ಬಯಲು ಮಾಡಿತ್ತು. ಅಲ್ಲಿ ಕಳುಹಿಸಿದ್ದೂ ನಮ್ಮ ಈ ಪತ್ರಿಕೆಯಂಥ ಒಂದು ಸುದ್ದಿಪತ್ರ ಎಂಬುದನ್ನು ಓದಿದಾಗ ನಮಗೆ ಬೆವರಿತು.

ನಮ್ಮ ದೇಶದ ಕಾನೂನೂ ಈಗ ಸುಮ್ಮನಿಲ್ಲ. ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಬಳಿಕ 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರಲಿವೆ. ಸದಸ್ಯರು ಸಂಘಕ್ಕೆ ಕೊಟ್ಟ ಇ-ಮೇಲ್ ವಿಳಾಸ, ಮೊಬೈಲ್ ಸಂಖ್ಯೆಗಳು ಆ ಕಾಯಿದೆಯ ಅರ್ಥದಲ್ಲಿ ವೈಯಕ್ತಿಕ ದತ್ತಾಂಶವೇ. ಕೊಟ್ಟವರು ಸಂಘದ ಕೆಲಸಕ್ಕೆಂದು ಕೊಟ್ಟಿದ್ದಾರೆ, ಊರಿಗೆ ಹಂಚಲೆಂದು ಕೊಟ್ಟಿಲ್ಲ.

ಇ-ಮೇಲ್ ಯಾರು ನೋಡುತ್ತಾರೆ, ನಮ್ಮದೆಲ್ಲ ವಾಟ್ಸಾಪ್ ಎನ್ನುವವರಿಗೂ ಒಂದು ಮಾತು. ವಾಟ್ಸಾಪ್ ಗುಂಪಿನಲ್ಲಿ ಪ್ರತಿಯೊಬ್ಬರ ಮೊಬೈಲ್ ಸಂಖ್ಯೆ ಉಳಿದೆಲ್ಲರಿಗೂ ಕಾಣುತ್ತದೆ. ಅದು ‘ಟು’ ಸಾಲಿಗೆ ಸಮ. ಅಲ್ಲಿಯೇ ಇರುವ ‘ಬ್ರಾಡ್‌ಕಾಸ್ಟ್’ ಪಟ್ಟಿ ಬಿಸಿಸಿಗೆ ಸಮ. ಒಂದೇ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ, ಉತ್ತರವೂ ಕಳುಹಿಸಿದವರಿಗೆ ಮಾತ್ರ ಬರುತ್ತದೆ. ಆದರೆ ಪಡೆಯುವವರು ಕಳುಹಿಸುವವರ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರಬೇಕು, ಇಲ್ಲವಾದರೆ ಸಂದೇಶ ತಲುಪದು. ಸಂಘದ ಸುತ್ತೋಲೆ ಬರಲಿಲ್ಲ ಎಂದು ದೂರುವ ಕೆಲವು ಸದಸ್ಯರು ಸಂಘದ ಸಂಖ್ಯೆಯನ್ನು ಉಳಿಸಿಕೊಂಡಿದ್ದಾರೆಯೇ ಎಂದು ದಯವಿಟ್ಟು ನೋಡಿಕೊಳ್ಳಬೇಕು.

ಕಚೇರಿಯಲ್ಲಿ ಮಾಡಿಕೊಂಡಿರುವ ಏರ್ಪಾಡು ಇಂತಿದೆ. ಇನ್ನು ಮುಂದೆ ಸಂಘದ ಸುತ್ತೋಲೆಗಳು ‘ಟು’ ಸಾಲಿನಲ್ಲಿ ಸಂಘದ ವಿಳಾಸವನ್ನೇ ಹೊತ್ತು ಬರುತ್ತವೆ. ತಮ್ಮ ಹೆಸರು ಕಾಣಿಸಲಿಲ್ಲವೆಂದು ತಪ್ಪು ತಿಳಿಯಬಾರದು. ಜಿಮೇಲ್‌ನಲ್ಲಿ ತೆರೆದವರಿಗೆ ತಮಗೆ ಬಿಸಿಸಿಯಾಗಿ ಬಂದಿದೆಯೆಂಬ ಸೂಚನೆ ಕಾಣಿಸುತ್ತದೆ. ಬಾಕಿ, ಸಾಲ, ಜಾಮೀನು ಇವುಗಳಿಗೆ ಸಂಬಂಧಿಸಿದ ಪತ್ರಗಳನ್ನು ಬಿಸಿಸಿಯಲ್ಲೂ ಕಳುಹಿಸುವುದಿಲ್ಲ. ಅವು ಒಬ್ಬೊಬ್ಬರಿಗೆ ಒಂದೊಂದಾಗಿ ಹೋಗುತ್ತವೆ. ಹತ್ತಕ್ಕಿಂತ ಹೆಚ್ಚು ಜನರಿಗೆ ಹೋಗುವ ಯಾವ ಪತ್ರವನ್ನೂ ಗುಮಾಸ್ತರು ಮತ್ತು ಕಾರ್ಯದರ್ಶಿ ಇಬ್ಬರೂ ನೋಡದೆ ಕಳುಹಿಸುವಂತಿಲ್ಲವೆಂದು ಆಡಳಿತ ಮಂಡಳಿ ಠರಾವು ಮಾಡಿದೆ. ಇ-ಮೇಲ್ ಇಲ್ಲದ ಸದಸ್ಯರಿಗೆ ಎಂದಿನಂತೆ ಅಂಚೆಯ ಮೂಲಕವೇ ತಿಳಿಸಲಾಗುವುದು.

ವಿಳಾಸ ಬದಲಾದವರು, ಮಕ್ಕಳ ವಿಳಾಸ ಕೊಟ್ಟಿದ್ದು ಈಗ ತಮ್ಮದೇ ಕೊಡಬಯಸುವವರು ಕಚೇರಿಯ ವೇಳೆಯಲ್ಲಿ ಖುದ್ದಾಗಿ ಬಂದು ಬರೆಸಬಹುದು. ಮೊಬೈಲಿನ ಆ ಚಿಕ್ಕ ಬಾಣ ಸಿಗದವರು ಫೋನನ್ನೂ ತನ್ನಿ, ತೋರಿಸಿಕೊಡುತ್ತೇವೆ.